ಗ್ರಾಫ್ ಹಾಳೆ, ಪೆನ್ಸಿಲ್, ಒಂದು ಹಿಡಿ ಹುಣಸೆ ಬೀಜ: ಸೆಲ್ಯುಲರ್ ಆಟೊಮೇಟಾ ಕೈಯಲ್ಲೇ ಮಾಡಿ ನೋಡುವುದು ಹೇಗೆ

ಸೆಲ್ಯುಲರ್ ಆಟೊಮೇಟಾ ಅಂದರೆ ಅಕ್ಕಪಕ್ಕ ನೋಡಿಕೊಂಡು ಒಂದೇ ನಿಯಮದಂತೆ ಬದಲಾಗುತ್ತಾ ಹೋಗುವ ಚೌಕಗಳು. ಆ ಹೆಸರಿನಲ್ಲಿ ಹುಡುಕಿದರೆ ಪರದೆಯ ಮೇಲೆ ಓಡುವ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಚೆಂದವಾಗಿಯೂ ಇರುತ್ತವೆ. ಆದರೆ ಮೊದಲು ಅವನ್ನು ನೋಡಬೇಡಿ. ಕಣ್ಣೆದುರು ನೂರಾರು ಸಾಲು ಸರಸರ ಓಡಿಹೋಗುವಾಗ ಅದರ ಹಿಂದಿನ ನಿಯಮ ಎಷ್ಟು ಪುಟ್ಟದು ಅನ್ನುವುದು ಗಮನಕ್ಕೇ ಬರುವುದಿಲ್ಲ. ಹದಿನೈದು ಸಾಲು ನೀವೇ ಪೆನ್ಸಿಲಿನಲ್ಲಿ ತುಂಬಿ ನೋಡಿ, ಆಗ ಬರುತ್ತದೆ.

ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮೈದಾನಕ್ಕೆ ಇಳಿಯುವ ಹಾಗಿಲ್ಲ, ಅಂಥ ಮಳೆ. ಆಗ ಆಟದ ಪೀರಿಯಡ್ ಎಷ್ಟೋ ಸಲ ನನ್ನ ಕೈಗೆ ಬರುತ್ತದೆ. ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಆ ಹೊತ್ತಿನಲ್ಲಿ ಮಾಡುವುದನ್ನೇ ಇಲ್ಲಿ ಬರೆದಿದ್ದೇನೆ. ದೊಡ್ಡವರೂ ಇದೇ ಕ್ರಮದಲ್ಲಿ ಮಾಡಬಹುದು. ಒಂದೇ ದಿನ ಮುಗಿಸುವ ಆತುರ ಬೇಡ.

ಬೇಕಾದ ಸಾಮಾನು ಕಮ್ಮಿ. ನಾಲ್ಕೈದು ಗ್ರಾಫ್ ಹಾಳೆ, ಮೆತ್ತಗಿನ 2ಬಿ ಪೆನ್ಸಿಲ್, ರಬ್ಬರ್, ಒಂದು ಬಟರ್ ಪೇಪರ್. ಆಮೇಲಿನ ಆಟಗಳಿಗೆ ಸೀಮೆಸುಣ್ಣ, ಎರಡು ಹಿಡಿ ಹುಣಸೆ ಬೀಜ, ಒಂದು ಹಿಡಿ ಅವರೆಕಾಳು. ಶಾಲೆಯ ಗ್ರಾಫ್ ಹಾಳೆ ಸಾಮಾನ್ಯವಾಗಿ 18 ಸೆಂಟಿಮೀಟರ್ ಅಗಲ ಇರುತ್ತದೆ. ಅರ್ಧ ಸೆಂಟಿಮೀಟರಿಗೆ ಒಂದು ಚೌಕ ಹಿಡಿದರೆ ಒಂದು ಸಾಲಿಗೆ 36 ಚೌಕ. ನಮಗೆ 33 ಸಾಕು. ಚೌಕಾಬಾರದಲ್ಲಿ ಹೇಳುವ ಹಾಗೆ ಚೌಕವನ್ನು ಇನ್ನು ಮುಂದೆ ಮನೆ ಅನ್ನುತ್ತೇನೆ.

ವಿಷಯ ಇಷ್ಟೇ. ಒಂದು ಸಾಲು ಮನೆಗಳಿವೆ. ಪ್ರತಿ ಮನೆ ತುಂಬಿರುತ್ತದೆ, ಇಲ್ಲ ಖಾಲಿ ಇರುತ್ತದೆ. ಪ್ರತಿ ಮನೆಯೂ ತನ್ನನ್ನು ಮತ್ತು ತನ್ನ ಎಡ ಬಲದ ಮನೆಯನ್ನು ಮಾತ್ರ ನೋಡುತ್ತದೆ. ನಿಯಮ ಎಲ್ಲರಿಗೂ ಒಂದೇ. ಎಲ್ಲ ಮನೆಗಳೂ ಒಂದೇ ಹೊತ್ತಿಗೆ ಬದಲಾಗುತ್ತವೆ. ಬದಲಾದ ಸಾಲನ್ನು ಹಳೆಯ ಸಾಲಿನ ಕೆಳಗೆ ಬರೆಯುತ್ತಾ ಹೋಗುವುದು. ಹೀಗಾಗಿ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಹರಿಯುವುದು ಕಾಲ.

ನಿಯಮಕ್ಕೆ ನಂಬರ್ ಕೊಡುವುದು

ಮೂರು ಮನೆ, ಪ್ರತಿಯೊಂದೂ ತುಂಬಿರಬಹುದು ಅಥವಾ ಖಾಲಿ ಇರಬಹುದು. ಒಟ್ಟು 8 ಸಾಧ್ಯತೆ. ತುಂಬಿದ್ದಕ್ಕೆ 1, ಖಾಲಿಗೆ 0 ಹಾಕಿ ಹೀಗೆ ಬರೆದುಕೊಳ್ಳಿ:

111 – 110 – 101 – 100 – 011 – 010 – 001 – 000

ಪ್ರತಿಯೊಂದರ ಕೆಳಗೂ, ಮುಂದಿನ ಸಾಲಿನಲ್ಲಿ ನಡುವಿನ ಮನೆ ಏನಾಗಬೇಕು ಅಂತ 0 ಅಥವಾ 1 ಬರೆಯಿರಿ. ಅದೇ ನಿಮ್ಮ ನಿಯಮ. ಈಗ ಎಂಟು ಜಾಗಗಳಿಗೆ ಎಡದಿಂದ 128, 64, 32, 16, 8, 4, 2, 1 ಅಂತ ಬೆಲೆ ಕೊಡಿ. 1 ಇರುವ ಕಡೆಯ ಬೆಲೆಗಳನ್ನೆಲ್ಲ ಕೂಡಿಸಿ. ಬಂದ ಮೊತ್ತವೇ ನಿಯಮದ ನಂಬರ್. 0ಯಿಂದ 255ರವರೆಗೆ ಒಟ್ಟು 256 ನಿಯಮ. ಇನ್ನೊಂದು ಇಲ್ಲ. ಹೀಗೆ ನಂಬರ್ ಹಾಕಿ 256ನ್ನೂ ಒಂದೊಂದಾಗಿ ಪರೀಕ್ಷೆಗೆ ಹಚ್ಚಿದವರು ವಿಜ್ಞಾನಿ ಸ್ಟೀಫನ್ ವುಲ್ಫ್ರಮ್, 1980ರ ದಶಕದ ಮೊದಲ ವರ್ಷಗಳಲ್ಲಿ. ಎಡ ಬಲ ತಿರುಗಿಸಿದ್ದು, ಕಪ್ಪು ಬಿಳುಪು ಅದಲು ಬದಲು ಮಾಡಿದ್ದು ಎಲ್ಲವನ್ನೂ ಒಂದೇ ಅಂತ ಎಣಿಸಿದರೆ ಉಳಿಯುವುದು 88.

ಮಕ್ಕಳಿಗೆ ನಾನು ಮೊದಲು ಇದನ್ನು ತಿರುಗಿಸಿ ಕೇಳುತ್ತೇನೆ: 90ರ ನಿಯಮ ಯಾವುದು? 64, 16, 8, 2 ಕೂಡಿದರೆ 90. ಹಾಗಾದರೆ 110, 100, 011, 001 ಇವುಗಳ ಕೆಳಗೆ 1, ಉಳಿದವಕ್ಕೆ 0. ಈ ನಾಲ್ಕನ್ನು ಎರಡು ನಿಮಿಷ ದಿಟ್ಟಿಸಿ ನೋಡಿ. ನಡುವಿನ ಮನೆ ಏನೇ ಇರಲಿ, ಲೆಕ್ಕಕ್ಕಿಲ್ಲ. ಎಡ ಮತ್ತು ಬಲದಲ್ಲಿ ಒಂದೇ ಒಂದು ತುಂಬಿದ್ದರೆ ತುಂಬು, ಎರಡೂ ತುಂಬಿದ್ದರೆ ಅಥವಾ ಎರಡೂ ಖಾಲಿ ಇದ್ದರೆ ಬಿಡು. ಎಂಟು ಸಾಲಿನ ಪಟ್ಟಿ ಒಂದು ವಾಕ್ಯ ಆಯಿತು. ಪೆನ್ಸಿಲ್ ಹಿಡಿಯುವ ಮೊದಲು ಯಾವ ನಿಯಮವನ್ನೂ ಹೀಗೆ ಒಂದು ವಾಕ್ಯಕ್ಕೆ ಇಳಿಸಿಕೊಳ್ಳಿ. ಕೆಲಸ ಅರ್ಧಕ್ಕರ್ಧ ಕಮ್ಮಿ ಆಗುತ್ತದೆ.

ಮೊದಲು ನಿಯಮ 90

ಹಾಳೆಯ ಮೇಲಿನ ಸಾಲಿನಲ್ಲಿ ಸರಿಯಾಗಿ ನಡುವೆ ಒಂದು ಮನೆ ತುಂಬಿ. ಇದು ಸೊನ್ನೆಯ ಸಾಲು. ಮುಂದಿನ ಸಾಲು 101, ಅದರ ಮುಂದಿನದು 10001, ಆಮೇಲೆ 1010101. ಹದಿನಾರನೇ ಸಾಲಿನವರೆಗೆ ಹೋಗಿ. ತಪ್ಪು ಹಿಡಿಯಲು ಇಲ್ಲಿದೆ ಲೆಕ್ಕ. ಸೊನ್ನೆಯ ಸಾಲಿನಿಂದ ಶುರು ಮಾಡಿದರೆ ಪ್ರತಿ ಸಾಲಿನಲ್ಲಿ ತುಂಬಿದ ಮನೆಗಳು 1, 2, 2, 4, 2, 4, 4, 8, 2, 4, 4, 8, 4, 8, 8, 16 ಇರಬೇಕು. ಹದಿನಾರನೇ ಸಾಲಿನಲ್ಲಿ ಮತ್ತೆ ಎರಡೇ, ಹಾಳೆಯ ಎರಡು ತುದಿಯಲ್ಲಿ.

ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಇನ್ನೂ ಸಣ್ಣ ತ್ರಿಕೋನ ಕಾಣುತ್ತದೆ. ಸಿಯರ್‌ಪಿನ್‌ಸ್ಕಿ ತ್ರಿಕೋನ ಅಂತ ಇದರ ಹೆಸರು. ನೀವು ಎಲ್ಲೂ ತ್ರಿಕೋನ ಬರೆಯಲು ಹೊರಟಿರಲಿಲ್ಲ. ನಿಯಮದಲ್ಲೂ ತ್ರಿಕೋನದ ಮಾತಿಲ್ಲ.

ಇಲ್ಲಿಗೆ ನಿಲ್ಲಿಸಬೇಡಿ. ಪಕ್ಕದಲ್ಲಿ ಮೇರು ಪ್ರಸ್ತಾರ ಬರೆಯಿರಿ. ಛಂದಸ್ಸಿನಲ್ಲಿ ಲಘು ಗುರುಗಳ ಲೆಕ್ಕಕ್ಕೆ ಬರುವುದು, ಪಿಂಗಳನ ಸೂತ್ರಗಳಿಗೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ವಿವರಿಸಿದ್ದು, ಪಿಯು ಪುಸ್ತಕದಲ್ಲಿ ಪ್ಯಾಸ್ಕಲ್ ತ್ರಿಭುಜ ಅಂತ ಇರುವುದು. 1, 1 1, 1 2 1, 1 3 3 1, 1 4 6 4 1. ಪ್ರತಿ ಸಂಖ್ಯೆ ಮೇಲಿನ ಎರಡರ ಮೊತ್ತ. ಈಗ ಅದರಲ್ಲಿ ಬೆಸ ಸಂಖ್ಯೆಗಳಿಗೆ ಮಾತ್ರ ಬಣ್ಣ ಹಚ್ಚಿ. ನಿಮ್ಮ ಗ್ರಾಫ್ ಹಾಳೆಯ ಚಿತ್ರವೇ ಬರುತ್ತದೆ. ಯಾಕೆ ಅಂದರೆ ಬೆಸಕ್ಕೆ ಸಮ ಕೂಡಿದರೆ ಬೆಸ, ಬೆಸಕ್ಕೆ ಬೆಸ ಕೂಡಿದರೆ ಸಮ. ಅದೇ ನಿಯಮ 90. ಈ ಹೊಂದಿಕೆಯನ್ನು ಮಕ್ಕಳು ತಾವೇ ಕಂಡುಕೊಳ್ಳಲು ಬಿಡಿ, ಮೊದಲೇ ಹೇಳಬೇಡಿ.

ಇದರಿಂದ ಒಂದು ದೊಡ್ಡ ಲಾಭ ಇದೆ. ನೂರನೇ ಸಾಲಿನ ಯಾವುದೋ ಒಂದು ಮನೆ ತುಂಬಿದೆಯಾ ಅಂತ ತಿಳಿಯಲು ಮೇಲಿನ ಸಾಲುಗಳನ್ನು ತುಂಬುತ್ತಾ ಬರಬೇಕಿಲ್ಲ. ಮೇರು ಪ್ರಸ್ತಾರದ ಆ ಸಂಖ್ಯೆ ಬೆಸವೋ ಸಮವೋ ನೋಡಿದರೆ ಮುಗಿಯಿತು. ಅಂದರೆ ಇಲ್ಲಿ ಅಡ್ಡದಾರಿ ಇದೆ. ಇದನ್ನು ನೆನಪಿಡಿ. ಮುಂದಿನ ಹಾಳೆಯಲ್ಲಿ ಆ ಅಡ್ಡದಾರಿ ಸಿಗುವುದಿಲ್ಲ.

ನಿಯಮ 30: ಇಲ್ಲಿ ನಿಧಾನ ಮಾಡಿ

ಹೊಸ ಹಾಳೆ ತೆಗೆದುಕೊಳ್ಳಿ. 30 ಅಂದರೆ 16, 8, 4, 2. ವಾಕ್ಯದಲ್ಲಿ ಹೇಳಿದರೆ: ಎಡ ಮನೆ ಖಾಲಿ ಇದ್ದರೆ, ನಡು ಅಥವಾ ಬಲ ಯಾವುದಾದರೂ ತುಂಬಿದ್ದರೆ ತುಂಬು. ಎಡ ಮನೆ ತುಂಬಿದ್ದರೆ, ನಡು ಬಲ ಎರಡೂ ಖಾಲಿ ಇದ್ದಾಗ ಮಾತ್ರ ತುಂಬು. ನಿಯಮ 90ಕ್ಕಿಂತ ಇದೇನೂ ಕಷ್ಟದ್ದಲ್ಲ. ಅದೇ ಎಂಟು ಸಾಧ್ಯತೆ, ನಾಲ್ಕು ಒಂದು, ನಾಲ್ಕು ಸೊನ್ನೆ.

ಒಂದೇ ತುಂಬಿದ ಮನೆಯಿಂದ ಶುರು ಮಾಡಿ. ಮೊದಲ ಸಾಲುಗಳು ಹೀಗೆ ಬರಬೇಕು:

1
111
11001
1101111
110010001
11011110111
1100100001001
110111100111111

ಮುಂದಕ್ಕೆ ನೀವೇ. ಹದಿನಾರನೇ ಸಾಲಿಗೆ ಬರುವ ಹೊತ್ತಿಗೆ ಹಾಳೆ ಎರಡು ಪಾಲಾದ ಹಾಗೆ ಕಾಣುತ್ತದೆ. ಎಡ ಅಂಚಿನಲ್ಲಿ ಓರೆ ಪಟ್ಟಿಗಳು ಕ್ರಮವಾಗಿ ಇವೆ. ಬಲಕ್ಕೆ ಬರುತ್ತಾ ಯಾವ ಕ್ರಮವೂ ಇಲ್ಲ. ಸಣ್ಣ ದೊಡ್ಡ ಬಿಳಿ ತ್ರಿಕೋನಗಳು ಎಲ್ಲೆಂದರಲ್ಲಿ.

ಈಗ ನಡುವಿನ ಕಂಬವನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ: 1, 1, 0, 1, 1, 1, 0, 0, 1, 1, 0, 0, 0, 1. ಮುಂದಿನದು ಯಾವುದು ಅಂತ ಊಹಿಸಲು ಹೇಳಿ. ಕ್ಲಾಸಿನಲ್ಲಿ ಗಣಿತದಲ್ಲಿ ಚುರುಕಾದ ಮಗುವೂ ಇಲ್ಲಿ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಜಾಸ್ತಿ ಸರಿ ಹೇಳಲಾರದು. ವುಲ್ಫ್ರಮ್ ಅವರ ಮ್ಯಾಥಮ್ಯಾಟಿಕಾ ತಂತ್ರಾಂಶದಲ್ಲಿ ಯಾದೃಚ್ಛಿಕ ಸಂಖ್ಯೆ, ಅಂದರೆ ಊಹಿಸಲಾಗದ ಸಂಖ್ಯೆ ಬೇಕಾದಾಗ ಬಹಳ ಕಾಲ ಬಳಸಿದ್ದು ಇದೇ ನಿಯಮವನ್ನು. ಈ ಕಂಬ ಎಂದಾದರೂ ಒಂದೇ ಮಾದರಿಯನ್ನು ಮತ್ತೆ ಮತ್ತೆ ಹೇಳಲು ಶುರು ಮಾಡುತ್ತದೆಯಾ? ದೂರ ಹೋದಂತೆ ಸೊನ್ನೆ ಒಂದುಗಳು ಸಮಸಮ ಬರುತ್ತವೆಯಾ? ಎಲ್ಲ ಸಾಲೂ ಹಾಯದೆ ಬೇಗ ಲೆಕ್ಕ ಹಾಕುವ ಉಪಾಯ ಇದೆಯಾ? ಈ ಮೂರು ಪ್ರಶ್ನೆಗೆ 2019ರಲ್ಲಿ ಅವರು ಒಟ್ಟು 30,000 ಡಾಲರ್ ಬಹುಮಾನ ಘೋಷಿಸಿದರು. ಪ್ರಶ್ನೆ ಒಂಬತ್ತನೇ ಕ್ಲಾಸಿಗೆ ಅರ್ಥ ಆಗುತ್ತದೆ. ಉತ್ತರ ಹೇಳಲು ಬಹುಮಾನ ಇಡಬೇಕಾಗಿದೆ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ. ನಿಯಮ ಗೊತ್ತಿರುವುದು ಒಂದು, ಅದರಿಂದ ಏನಾಗುತ್ತದೆ ಅಂತ ಗೊತ್ತಿರುವುದು ಇನ್ನೊಂದು. ನಿಯಮ 30ರಲ್ಲಿ ಈ ಎರಡರ ನಡುವೆ ಒಂದೊಂದೇ ಸಾಲು ತುಂಬುತ್ತಾ ಹೋಗುವ ದಾರಿ ಮಾತ್ರ ನಮಗೆ ಗೊತ್ತಿದೆ.

ಬಟರ್ ಪೇಪರ್ ಬೇಕಾಗುವುದು ಈಗ. ನಿಯಮ 90ಕ್ಕೆ ಮೊದಲ ಸಾಲಿನಲ್ಲಿ ಮನಸ್ಸಿಗೆ ಬಂದ ಹಾಗೆ ಏಳೆಂಟು ಮನೆ ತುಂಬಿ, ಹತ್ತು ಸಾಲು ಬರೆಯಿರಿ. ಆಮೇಲೆ ಮೊದಲ ಸಾಲಿನಲ್ಲಿ ಒಂದೇ ಒಂದು ಮನೆ ಬದಲಿಸಿ ಬಟರ್ ಪೇಪರಿನ ಮೇಲೆ ಮತ್ತೆ ಹತ್ತು ಸಾಲು ಬರೆಯಿರಿ. ಒಂದರ ಮೇಲೊಂದು ಇಟ್ಟು, ಎಲ್ಲೆಲ್ಲಿ ಎರಡೂ ಬೇರೆ ಇವೆಯೋ ಅಲ್ಲಿ ಕೆಂಪು ಚುಕ್ಕೆ ಇಡಿ. ಚುಕ್ಕೆಗಳಲ್ಲಿ ಅದೇ ತ್ರಿಕೋನ ಎದ್ದು ಬರುತ್ತದೆ, ಶುರುವಿನ ಸಾಲು ಏನೇ ಇರಲಿ. ಇದನ್ನೇ ನಿಯಮ 30ಕ್ಕೆ ಮಾಡಿ. ಕೆಂಪು ಚುಕ್ಕೆಗಳೂ ಚೆಲ್ಲಾಪಿಲ್ಲಿ. ಎರಡೂ ಹಾಳೆಯನ್ನು ಗೋಡೆಗೆ ಅಕ್ಕಪಕ್ಕ ಅಂಟಿಸಿಡಿ.

ಇಂಗ್ಲೆಂಡಿನ ಕೇಂಬ್ರಿಜ್ ನಾರ್ತ್ ರೈಲು ನಿಲ್ದಾಣ 2017ರಲ್ಲಿ ಶುರುವಾಯಿತು. ಅದರ ಹೊರಗೋಡೆಯ ಲೋಹದ ಹಾಳೆಗಳ ತೂತುಗಳಲ್ಲಿ ಇರುವುದು ನಿಯಮ 30ರ ಚಿತ್ರ. ಅದೇ ಊರಿನಲ್ಲಿದ್ದ ಗಣಿತಜ್ಞ ಜಾನ್ ಕಾನ್ವೇ ಅವರ ಲೈಫ್ ಆಟದಿಂದ (ಇದು ಮುಂದೆ ಬರುತ್ತದೆ) ಬಂದ ವಿನ್ಯಾಸ ಅಂತ ಮೊದಲು ಹೇಳಲಾಗಿತ್ತು. ಈ ಹಾಳೆಯನ್ನು ಕೈಯಲ್ಲಿ ತುಂಬಿದವರಿಗೆ ಫೋಟೋ ನೋಡಿದ ತಕ್ಷಣ ಗುರುತು ಸಿಗುತ್ತದೆ.

ನಿಯಮ 184: ಟ್ರಾಫಿಕ್ ಜಾಮ್

ಇದನ್ನು ಬೇಗ ಹೇಳುತ್ತೇನೆ, ಆದರೆ ತಪ್ಪದೆ ಮಾಡಿ. ತುಂಬಿದ ಮನೆ ಒಂದು ಕಾರು. ಮುಂದಿನ, ಅಂದರೆ ಬಲದ ಮನೆ ಖಾಲಿ ಇದ್ದರೆ ಕಾರು ಒಂದು ಮನೆ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ನಿಲ್ಲುತ್ತದೆ. ಇದನ್ನು ಎಂಟರ ಪಟ್ಟಿಯಲ್ಲಿ ಬರೆದರೆ 128, 32, 16, 8 ಕೂಡಿ 184.

20 ಮನೆಯ ಸಾಲು ತೆಗೆದುಕೊಂಡು, ಕೊನೆಯ ಮನೆಯಿಂದ ಹೊರಟ ಕಾರು ಮೊದಲ ಮನೆಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ರಿಂಗ್ ರೋಡ್ ಆಯಿತು. 8 ಕಾರುಗಳನ್ನು ಮನಸ್ಸಿಗೆ ಬಂದ ಕಡೆ ಇಡಿ. ಹತ್ತು ಹನ್ನೆರಡು ಸಾಲಿನೊಳಗೆ ಗಂಟುಗಳೆಲ್ಲ ಬಿಚ್ಚಿಕೊಂಡು ಪ್ರತಿ ಹೆಜ್ಜೆಗೂ ಎಂಟೂ ಕಾರು ಚಲಿಸುತ್ತವೆ. ಈಗ 13 ಕಾರು ಇಡಿ. ಎಷ್ಟು ಹೊತ್ತು ಕಾದರೂ ಪ್ರತಿ ಹೆಜ್ಜೆಗೆ 7 ಕಾರು ಮಾತ್ರ ಚಲಿಸುತ್ತವೆ, ಯಾಕೆ ಅಂದರೆ ಖಾಲಿ ಮನೆ ಇರುವುದೇ 7. ರಸ್ತೆಗೆ ಐದು ಕಾರು ಜಾಸ್ತಿ ಬಂದವು, ಓಡುವ ಕಾರು ಒಂದು ಕಮ್ಮಿಯಾಯಿತು. ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಕಾರುಗಳು ಬಲಕ್ಕೆ ಹೋಗುತ್ತಿವೆ, ಜಾಮ್ ಎಡಕ್ಕೆ ಹೋಗುತ್ತಿದೆ. ಅಪಘಾತ ಇಲ್ಲ, ಹೊಂಡ ಇಲ್ಲ, ಆದರೂ ಜಾಮ್.

1992ರಲ್ಲಿ ಕೈ ನಾಗೆಲ್ ಮತ್ತು ಮೈಕೆಲ್ ಶ್ರೆಕನ್‌ಬರ್ಗ್ ಎಂಬ ಜರ್ಮನ್ ಭೌತವಿಜ್ಞಾನಿಗಳು ಇದಕ್ಕೆ ವೇಗವನ್ನೂ, ಚಾಲಕರು ಒಮ್ಮೊಮ್ಮೆ ಸುಮ್ನೆ ಬ್ರೇಕ್ ಒತ್ತುವುದನ್ನೂ ಸೇರಿಸಿದರು. ಆಗ ರಸ್ತೆಯಲ್ಲಿ ಜಾಗ ಇದ್ದರೂ ಜಾಮ್ ತಾನಾಗಿ ಹುಟ್ಟಿತು. ಬೆಂಗಳೂರಿನಲ್ಲಿ ಮುಕ್ಕಾಲು ಗಂಟೆ ನಿಂತು, ಕೊನೆಗೆ ಮುಂದೆ ಬಂದು ನೋಡಿದರೆ ಅಲ್ಲಿ ಏನೂ ಇಲ್ಲ ಅಂತ ಆಗಿದ್ದು ನಿಮಗೂ ಗೊತ್ತಲ್ವಾ?

ಬೀಜಗಳ ಆಟ: ಲೈಫ್

ಈಗ ಹಾಳೆ ಬಿಟ್ಟು ನೆಲಕ್ಕೆ ಬನ್ನಿ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಉದ್ದ 20, ಅಗಲ 20 ಮನೆ ಎಳೆಯಿರಿ. ಒಂದು ಮನೆಯಲ್ಲಿ ಎರಡು ಹುಣಸೆ ಬೀಜ ಹಿಡಿಸುವಷ್ಟು ಅಗಲ ಇರಲಿ. ಇಲ್ಲಿ ಪ್ರತಿ ಮನೆಗೆ ಎಂಟು ನೆರೆಮನೆ, ಮೂಲೆಯವೂ ಸೇರಿ.

ಗಣಿತಜ್ಞರಾದ ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ಫಾನ್ ನಾಯ್ಮನ್ 1940ರ ದಶಕದ ಕೊನೆಯಲ್ಲಿ ಸೆಲ್ಯುಲರ್ ಆಟೊಮೇಟಾ ವಿಚಾರಕ್ಕೆ ಅಡಿಪಾಯ ಹಾಕಿದರು. ತನ್ನದೇ ಪ್ರತಿ ಮಾಡಿಕೊಳ್ಳುವ ಯಂತ್ರ ಸಾಧ್ಯವೇ ಅನ್ನುವುದು ಫಾನ್ ನಾಯ್ಮನ್ ಅವರ ಪ್ರಶ್ನೆ. ಅವರ ಮಾದರಿಯಲ್ಲಿ ಒಂದೊಂದು ಮನೆಗೆ 29 ಸ್ಥಿತಿ. ಕಾನ್ವೇ ಅದನ್ನು ಎರಡಕ್ಕೆ ಇಳಿಸಿದರು, ಬದುಕಿದೆ ಅಥವಾ ಇಲ್ಲ. 1970ರ ಅಕ್ಟೋಬರಿನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ಮಾರ್ಟಿನ್ ಗಾರ್ಡನರ್ ಇದನ್ನು ಜಗತ್ತಿಗೆ ಪರಿಚಯಿಸಿದರು.

ನಿಯಮ: ಬೀಜ ಇರುವ ಮನೆಗೆ ಎರಡು ಅಥವಾ ಮೂರು ನೆರೆಬೀಜ ಇದ್ದರೆ ಅದು ಉಳಿಯುತ್ತದೆ. ಕಮ್ಮಿ ಇದ್ದರೂ, ಜಾಸ್ತಿ ಇದ್ದರೂ ಸಾಯುತ್ತದೆ. ಖಾಲಿ ಮನೆಗೆ ಸರಿಯಾಗಿ ಮೂರು ನೆರೆಬೀಜ ಇದ್ದರೆ ಅಲ್ಲಿ ಹೊಸದು ಹುಟ್ಟುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ. ಎಲ್ಲ ಬದಲಾವಣೆಯೂ ಒಂದೇ ಹೊತ್ತಿಗೆ ಆಗಬೇಕು. ಒಂದು ಬೀಜ ತೆಗೆದ ಮೇಲೆ ಪಕ್ಕದ್ದನ್ನು ಎಣಿಸಿದರೆ ಲೆಕ್ಕ ಕೆಟ್ಟಿತು. ಅದಕ್ಕೆ ಗಾರ್ಡನರ್ ಆಗಲೇ ಒಂದು ಕ್ರಮ ಹೇಳಿಕೊಟ್ಟಿದ್ದಾರೆ. ಅದನ್ನೇ ನಮ್ಮ ಸಾಮಾನಿಗೆ ಹೊಂದಿಸಿದರೆ ಹೀಗೆ. ಮೊದಲು ಸಾಯಬೇಕಾದ ಪ್ರತಿ ಹುಣಸೆ ಬೀಜದ ಜೊತೆ ಇನ್ನೊಂದು ಹುಣಸೆ ಬೀಜ ಇಡಿ. ತೆಗೆಯಬೇಡಿ. ಆಮೇಲೆ ಹುಟ್ಟಬೇಕಾದ ಮನೆಯಲ್ಲಿ ಅವರೆಕಾಳು ಇಡಿ. ಎಣಿಸುವಾಗ ಜೋಡಿಯನ್ನು ಒಂದೇ ಅಂತ ಎಣಿಸಿ, ಅವರೆಕಾಳನ್ನು ಎಣಿಸಲೇಬೇಡಿ. ಮತ್ತೊಮ್ಮೆ ಪೂರ್ತಿ ನೋಡಿ. ಆಮೇಲೆ ಜೋಡಿಗಳನ್ನೆಲ್ಲ ತೆಗೆದು, ಅವರೆಕಾಳಿದ್ದಲ್ಲಿ ಹುಣಸೆ ಬೀಜ ಇಡಿ. ಒಂದು ತಲೆಮಾರು ಆಯಿತು. ಇಬ್ಬರು ಕೂತರೆ ಒಬ್ಬರು ಸಾವು, ಇನ್ನೊಬ್ಬರು ಹುಟ್ಟು ನೋಡಿಕೊಳ್ಳಿ.

ಎಲ್ಲರೂ ಇಲ್ಲಿ ನೇರ ಗ್ಲೈಡರ್‌ಗೆ, ಅಂದರೆ ಸರಿಯುತ್ತಾ ಸಾಗುವ ಆಕಾರಕ್ಕೆ ಹೋಗುತ್ತಾರೆ. ನಾನು ಹೋಗುವುದಿಲ್ಲ. ಮೊದಲು ಬೀಜಗಳನ್ನು ಒಂದೇ ಸಾಲಿನಲ್ಲಿ ಅಂಟಿಕೊಂಡ ಹಾಗೆ ಇಟ್ಟು, ಸಂಖ್ಯೆ ಮಾತ್ರ ಬದಲಿಸುತ್ತಾ ಹೋಗಿ. ಪ್ರತಿ ಸಲ ಬೀಜ ಇಡುವ ಮೊದಲು ಕೊನೆಗೆ ಏನಾಗುತ್ತದೆ ಅಂತ ಊಹೆ ಬರೆದಿಡಿ.

ಒಂದು ಅಥವಾ ಎರಡು ಬೀಜ ಇಟ್ಟರೆ ಕೂಡಲೇ ಖಾಲಿ. ಮೂರು ಇಟ್ಟರೆ ಅಡ್ಡ ಸಾಲು ಉದ್ದ ಆಗುತ್ತದೆ, ಮತ್ತೆ ಅಡ್ಡ, ಹೀಗೇ ಕೊನೆಯಿಲ್ಲದೆ. ಇದನ್ನು ಬ್ಲಿಂಕರ್ ಅನ್ನುತ್ತಾರೆ. ನಾಲ್ಕು ಇಟ್ಟರೆ ಎರಡನೇ ತಲೆಮಾರಿಗೆ ಆರು ಬೀಜದ ಜೇನುಗೂಡು, ಆಮೇಲೆ ಅಲುಗಾಡುವುದಿಲ್ಲ. ಐದು ಇಟ್ಟರೆ ಕೊನೆಗೆ ನಾಲ್ಕು ಬ್ಲಿಂಕರ್, ನಾಲ್ಕು ದಿಕ್ಕಿನಲ್ಲಿ ಒಂದೊಂದು. ಇಷ್ಟು ಹೊತ್ತಿಗೆ ಮಕ್ಕಳು ಆರಕ್ಕೆ ಇನ್ನೂ ದೊಡ್ಡದು ಏನೋ ಬರುತ್ತದೆ ಅಂತ ಬರೆದಿರುತ್ತಾರೆ. ಆರು ಬೀಜ ಒಂದಷ್ಟು ತಲೆಮಾರು ಅರಳಿ, ಕೊನೆಗೆ ಪೂರ್ತಿ ಅಳಿಸಿಹೋಗುತ್ತದೆ. ಏಳಕ್ಕೆ ಮತ್ತೆ ಜೀವ ಬರುತ್ತದೆ, ನಾಲ್ಕು ಜೇನುಗೂಡುಗಳ ತೋಟ. ಹತ್ತು ಇಟ್ಟರೆ 15 ತಲೆಮಾರಿಗೊಮ್ಮೆ ಅದೇ ರೂಪಕ್ಕೆ ಮರಳುವ ಉದ್ದನೆಯ ಆಕಾರ ಸಿಗುತ್ತದೆ. ಎಂಟು, ಒಂಬತ್ತು ನಿಮಗೇ ಬಿಡುತ್ತೇನೆ. ಎಂಟಕ್ಕೆ ತಾಳ್ಮೆ ಬೇಕು.

ತಪ್ಪು ಹಿಡಿಯುವ ಉಪಾಯ ಇಲ್ಲೂ ಇದೆ. ಶುರುವಿನ ಸಾಲು ಎಡ ಬಲಕ್ಕೂ ಮೇಲೆ ಕೆಳಕ್ಕೂ ಸಮನಾಗಿದೆ. ನಿಯಮಕ್ಕೆ ದಿಕ್ಕಿನ ಭೇದ ಇಲ್ಲ. ಹಾಗಾಗಿ ಮುಂದಿನ ಪ್ರತಿ ತಲೆಮಾರೂ ಸಮನಾಗಿಯೇ ಇರಬೇಕು. ಒಂದು ಬದಿಯಲ್ಲಿರುವ ಬೀಜ ಎದುರು ಬದಿಯಲ್ಲಿ ಇಲ್ಲದಿದ್ದರೆ ಎಲ್ಲೋ ಎಣಿಕೆ ತಪ್ಪಿದೆ, ಹಿಂದಿನ ಸ್ಥಿತಿಗೆ ಹೋಗಿ. ಈ ವಾದವನ್ನು ಮಕ್ಕಳ ಬಾಯಿಂದಲೇ ಹೇಳಿಸಿದರೆ ಸಮ್ಮಿತಿಯ ಪಾಠಕ್ಕೆ ಇನ್ನೊಂದು ಪೀರಿಯಡ್ ಬೇಕಿಲ್ಲ.

ಈಗ ಗ್ಲೈಡರ್. ಕೆಳಗೆ ಅಡ್ಡಲಾಗಿ ಮೂರು ಬೀಜ. ಅದರ ಮೇಲಿನ ಸಾಲಿನಲ್ಲಿ ಬಲ ತುದಿಗೆ ನೇರ ಒಂದು. ಅದರ ಮೇಲಿನ ಸಾಲಿನಲ್ಲಿ ನಡುವೆ ಒಂದು. ಒಟ್ಟು ಐದು. ಪ್ರತಿ ತಲೆಮಾರಿನಲ್ಲೂ ಐದೇ ಇರಬೇಕು. ನಾಲ್ಕನೇ ತಲೆಮಾರಿಗೆ ಅದೇ ಆಕಾರ, ಆದರೆ ಬಲಕ್ಕೆ ಒಂದು ಮನೆ, ಕೆಳಕ್ಕೆ ಒಂದು ಮನೆ ಸರಿದಿರುತ್ತದೆ. ನಿಯಮದಲ್ಲಿ ನಡೆ ಅನ್ನುವ ಮಾತೇ ಇಲ್ಲ. ಹುಟ್ಟು, ಉಳಿವು, ಸಾವು ಅಷ್ಟೇ ಇದೆ. ಒಂದು ಬೀಜವೂ ಜಾಗ ಬಿಟ್ಟು ಸರಿದಿಲ್ಲ. ಆದರೂ ಒಂದು ವಸ್ತು ಜಗಲಿ ದಾಟಿ ಹೋಗುತ್ತಿದೆ. ಇದನ್ನು ನಾನು ಎಷ್ಟು ಸಲ ತೋರಿಸಿದ್ದರೂ ನನಗೆ ಇನ್ನೂ ಹಳತಾಗಿಲ್ಲ.

ಬೀಜಗಳ ಸಂಖ್ಯೆ ಮಿತಿಯಿಲ್ಲದೆ ಬೆಳೆಯುವ ಮಾದರಿ ಇದೆಯೋ ಇಲ್ಲವೋ ಸಾಧಿಸಿ ತೋರಿಸಿದವರಿಗೆ ಕಾನ್ವೇ 50 ಡಾಲರ್ ಇಟ್ಟಿದ್ದರು. 1970ರ ನವೆಂಬರಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬಿಲ್ ಗಾಸ್ಪರ್ ತಂಡ ಅದನ್ನು ಗೆದ್ದಿತು. ಅವರು ಕಂಡುಹಿಡಿದದ್ದು 30 ತಲೆಮಾರಿಗೊಂದು ಗ್ಲೈಡರ್ ಹೊರಗೆ ಎಸೆಯುವ ಬಂದೂಕು. ಗ್ಲೈಡರ್‌ಗಳ ಸಾಲನ್ನು ಸಂದೇಶವಾಗಿ ಬಳಸಿ, ಅವು ಡಿಕ್ಕಿ ಹೊಡೆಯುವುದನ್ನೇ ಲೆಕ್ಕವಾಗಿಸಿ, ಈ ಆಟದೊಳಗೇ ಕಂಪ್ಯೂಟರ್ ಕಟ್ಟಬಹುದು ಅಂತ ಆಮೇಲೆ ಸಾಬೀತಾಯಿತು. ಒಂದೇ ಸಾಲಿನ ನಿಯಮ 110ಕ್ಕೂ ಆ ಶಕ್ತಿ ಇದೆ ಅಂತ ಮ್ಯಾಥ್ಯೂ ಕುಕ್ ಸಾಧಿಸಿದರು. ಅವರ ಸಾಧನೆ 2004ರಲ್ಲಿ ಪ್ರಕಟವಾಯಿತು.

ಸರದಿ ಬೇಕಿಲ್ಲದ ಆಟ

ಲೈಫ್‌ನಲ್ಲಿ ಎಲ್ಲವೂ ಒಂದೇ ಹೊತ್ತಿಗೆ ಬದಲಾಗಬೇಕು ಅಂತ ಅಷ್ಟು ಒತ್ತಿ ಹೇಳಿದೆ. ಅದರ ಹತ್ತಿರದ ನೆಂಟ ಒಂದಿದೆ, ಅದರಲ್ಲಿ ಈ ಕಟ್ಟುಪಾಡು ಬೇಡ. ಮರಳುಗುಡ್ಡೆ ಮಾದರಿ. 1987ರಲ್ಲಿ ಪೆರ್ ಬಾಕ್, ಚಾವ್ ಟಾಂಗ್, ಕರ್ಟ್ ವೀಸನ್‌ಫೆಲ್ಡ್ ಇದನ್ನು ಮುಂದಿಟ್ಟರು. ನಿಯಮ: ಮನೆಯಲ್ಲಿ ನಾಲ್ಕು ಅಥವಾ ಹೆಚ್ಚು ಬೀಜ ಆದರೆ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಹಂಚಬೇಕು. ಅಂಚಿನಿಂದ ಹೊರಗೆ ಬಿದ್ದದ್ದು ಹೋಯಿತು.

ಉದ್ದ ಮೂರು, ಅಗಲ ಮೂರು ಮನೆಯ ಚೌಕ ಸಾಕು, ಒಟ್ಟು ಒಂಬತ್ತು ಮನೆ. ಪ್ರತಿ ಮನೆಯಲ್ಲಿ ಮೂರು ಬೀಜ ಇಡಿ. ನಡುವಿನ ಮನೆಗೆ ಇನ್ನೊಂದು ಹಾಕಿ. ನಾಲ್ಕಾಯಿತು, ಹಂಚಿ. ಅದರಿಂದ ಪಕ್ಕದವು ನಾಲ್ಕಾದವು, ಅವನ್ನೂ ಹಂಚಿ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಅನ್ನುವುದು ನಿಮ್ಮ ಇಷ್ಟ. ಎಲ್ಲ ಶಾಂತವಾದಾಗ ಮೂಲೆಗಳಲ್ಲಿ ಒಂದೊಂದು, ಬದಿಯ ಮನೆಗಳಲ್ಲಿ ಮೂರು ಮೂರು, ನಡುವೆ ಸೊನ್ನೆ ಉಳಿಯಬೇಕು. ಹೊರಗೆ ಬಿದ್ದದ್ದು 12. ಪಕ್ಕದ ಗುಂಪಿಗೆ ಬೇರೆ ಸರದಿಯಲ್ಲಿ ಮಾಡಲು ಹೇಳಿ. ಅವರಿಗೂ ಇದೇ ಬರುತ್ತದೆ. ಹಂಚಿಕೆ ನಡೆಯುವ ಸಂಖ್ಯೆಯೂ ಅದೇ, 10.

ಸರದಿ ಯಾವುದಾದರೂ ಫಲ ಒಂದೇ ಅನ್ನುವ ಈ ಗುಣವನ್ನು 1990ರಲ್ಲಿ ಸಾಧಿಸಿ, ಅದರ ಮೇಲೆ ಇಡೀ ಸಿದ್ಧಾಂತ ಕಟ್ಟಿದವರು ನಮ್ಮ ದೇಶದ ಭೌತವಿಜ್ಞಾನಿ ದೀಪಕ್ ಧರ್. ಆಗ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ಭೌತವಿಜ್ಞಾನದ ಬೋಲ್ಟ್ಸ್‌ಮನ್ ಪದಕ ಪಡೆದ ಮೊದಲ ಭಾರತೀಯ ಅವರು, 2022ರಲ್ಲಿ. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಂತ ನನ್ನ ಆಸೆ. ಆದ್ದರಿಂದ ಬೀಜ ಹಂಚುವಾಗಲೇ ಹೇಳಿಬಿಡುತ್ತೇನೆ.

ಆಮೇಲೆ ಕಂಪ್ಯೂಟರ್

ಇಷ್ಟು ಮಾಡಿದ ಮೇಲೆ ಪರದೆಗೆ ಬನ್ನಿ. ಪ್ರೋಗ್ರಾಂ ಬರೆಯಲು ಬರದಿದ್ದರೂ ಸ್ಪ್ರೆಡ್‌ಶೀಟ್ ಸಾಕು. ಕಂಬಗಳನ್ನು ಸಣ್ಣಗೆ ಮಾಡಿ, ಮೊದಲ ಸಾಲಿನ ನಡುವೆ 1 ಹಾಕಿ, ಉಳಿದವಕ್ಕೆ 0. ನಿಯಮ 90ಕ್ಕೆ ಎರಡನೇ ಸಾಲಿನ ಸೂತ್ರ: ಮೇಲಿನ ಸಾಲಿನ ಎಡ ಬಲದ ಮನೆಗಳನ್ನು ಕೂಡಿಸಿ, 2ರಿಂದ ಭಾಗಿಸಿದ ಶೇಷ. ನಿಯಮ 30ಕ್ಕೆ: ನಡು ಮತ್ತು ಬಲದಲ್ಲಿ ದೊಡ್ಡದನ್ನು ಎಡಕ್ಕೆ ಕೂಡಿಸಿ, 2ರಿಂದ ಭಾಗಿಸಿದ ಶೇಷ. ಸೂತ್ರವನ್ನು ಬಲಕ್ಕೂ ಕೆಳಕ್ಕೂ ಎಳೆಯಿರಿ. 1 ಇದ್ದಲ್ಲಿ ಕಪ್ಪು ಬಣ್ಣ ಬರುವ ಹಾಗೆ ಮಾಡಿ. ಕೈಯಲ್ಲಿ ಬರೆದ ಹಾಳೆ ಪಕ್ಕದಲ್ಲಿಟ್ಟು ಮೊದಲ ಹದಿನಾರು ಸಾಲು ಹೋಲಿಸಿ. ಅಂಚಿನ ಬಗ್ಗೆ ಎಚ್ಚರ ಇರಲಿ. ಚಿತ್ರ ಹಾಳೆಯ ಅಂಚು ಮುಟ್ಟಿದ ಮೇಲೆ ಬರುವುದು ನಿಯಮದ ಚಿತ್ರ ಅಲ್ಲ, ಅಂಚಿನ ಪರಿಣಾಮವೂ ಅದರಲ್ಲಿ ಬೆರೆತಿರುತ್ತದೆ.

256 ನಿಯಮಗಳನ್ನೂ ಓಡಿಸಿ ನಾಲ್ಕು ಗುಡ್ಡೆ ಮಾಡಿ: ಬೇಗ ಒಂದೇ ಬಣ್ಣಕ್ಕೆ ಬರುವವು, ಪಟ್ಟೆಯಾಗಿ ನಿಲ್ಲುವವು, ಗೊಂದಲವಾಗಿ ಹರಡುವವು, ಮತ್ತೆ ಕ್ರಮ ಗೊಂದಲಗಳ ನಡುವೆ ಸಣ್ಣ ಸಣ್ಣ ಆಕಾರಗಳು ಓಡಾಡುವವು. ಇದಕ್ಕೆ ಒಂದೇ ಮನೆಯಿಂದಲ್ಲ, ಚೆಲ್ಲಾಪಿಲ್ಲಿ ತುಂಬಿದ ಸಾಲಿನಿಂದ ಶುರು ಮಾಡಿ. ನಾಲ್ಕನೇ ಗುಡ್ಡೆಗೆ ಬರುವುದು ಬಹಳ ಕಮ್ಮಿ. ನಿಯಮ 110 ಅಲ್ಲಿನದು.

ಇದೆಲ್ಲ ಹಾಳೆಯ ಮೇಲಿನ ಆಟ ಮಾತ್ರ ಅಂದುಕೊಳ್ಳಬೇಡಿ. ಯುರೋಪಿನ ಒಂದು ಜಾತಿಯ ದೊಡ್ಡ ಹಲ್ಲಿ ಮರಿಯಾಗಿದ್ದಾಗ ಕಂದು, ಮೈಮೇಲೆ ಬಿಳಿ ಚುಕ್ಕೆ. ಬೆಳೆಯುತ್ತಾ ಅದರ ಒಂದೊಂದು ಹುರುಪೆಯೂ ಹಸಿರು ಅಥವಾ ಕಪ್ಪು ಆಗುತ್ತದೆ. ಅಷ್ಟೇ ಅಲ್ಲ, ಪಕ್ಕದ ಹುರುಪೆಗಳ ಬಣ್ಣಕ್ಕೆ ತಕ್ಕಂತೆ ವರ್ಷಗಳ ಕಾಲ ಹಸಿರು ಕಪ್ಪಾಗಿ, ಕಪ್ಪು ಹಸಿರಾಗಿ ಬದಲಾಗುತ್ತದೆ. ಜಿನೀವಾದ ವಿಜ್ಞಾನಿಗಳು ಇದನ್ನು ಹುರುಪೆ ಹುರುಪೆಯಾಗಿ ಗಮನಿಸಿ, ಇದು ಜೀವಂತ ಸೆಲ್ಯುಲರ್ ಆಟೊಮೇಟನ್ ಅಂತ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು.

ಕೊನೆಯದಾಗಿ ಗಾಲಿ (Golly) ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಲೈಫ್‌ಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಅದರಲ್ಲಿ ಐದು ಮನೆಯ ಈ ಆಕಾರ ಇಡಿ: ಮೇಲಿನ ಸಾಲಿನಲ್ಲಿ ನಡು ಮತ್ತು ಬಲ, ಮಧ್ಯದ ಸಾಲಿನಲ್ಲಿ ಎಡ ಮತ್ತು ನಡು, ಕೆಳಗಿನ ಸಾಲಿನಲ್ಲಿ ನಡು ಮಾತ್ರ. ಆರ್-ಪೆಂಟೊಮಿನೊ ಅಂತ ಇದರ ಹೆಸರು. ಮೊದಲ ಹತ್ತು ತಲೆಮಾರು ಜಗಲಿಯ ಮೇಲೆ ಬೀಜದಲ್ಲೇ ಮಾಡಿ. ಗಾರ್ಡನರ್ ಅವರ ಅಂಕಣ ಬರುವ ಹೊತ್ತಿಗೆ ಕಾನ್ವೇ ಇದನ್ನು 460 ತಲೆಮಾರಿನವರೆಗೆ ಹಿಂಬಾಲಿಸಿದ್ದರು. ಇದನ್ನು ಹಿಂಬಾಲಿಸುವಾಗಲೇ ಅವರ ಗುಂಪಿನ ರಿಚರ್ಡ್ ಗೈ ಕಣ್ಣಿಗೆ ಮೊದಲ ಗ್ಲೈಡರ್ ಬಿದ್ದದ್ದು. ಆಮೇಲೆ ಗಾಲಿಯಲ್ಲಿ ಓಡಿಸಿ 1103ನೇ ತಲೆಮಾರಿಗೆ ನಿಲ್ಲಿಸಿ. ಅಲ್ಲಿಂದ ಮುಂದೆ ಹೊಸದೇನೂ ಹುಟ್ಟುವುದಿಲ್ಲ. 116 ಬೀಜ ಇರಬೇಕು, ಅದರಲ್ಲಿ ಆರು ಗ್ಲೈಡರ್ ದೂರ ದೂರಕ್ಕೆ ಹೋಗುತ್ತಿರಬೇಕು. ಎಣಿಸಿ ನೋಡಿ. ಆಮೇಲೆ ಶುರುವಿನ ಐದರಲ್ಲಿ ಯಾವುದಾದರೂ ಒಂದನ್ನು ಪಕ್ಕದ ಮನೆಗೆ ಸರಿಸಿ, ಊಹೆ ಬರೆದಿಟ್ಟು, ಮತ್ತೆ ಓಡಿಸಿ.